ಎತ್ತಿಗಿಲ್ಲದ ಮೇಲಿನ ಸಾಲು

ಬೆಳಿಗ್ಗೆ ಸೋದರತ್ತೆಯ ಹಲ್ಲುಸೆಟ್ಟು ತೊಳೆಯುತ್ತಿದ್ದೆ. ಬೆರಳಿಗೆ ಲೋಳೆ ಅಂಟಿತು. ನಾನು ಚಿಕ್ಕವಳಿದ್ದಾಗ ಮಿರ್ಲೆಯ ನಮ್ಮ ಮನೆಗೆ ಅತ್ತೆಯನ್ನು ಹೆಣ್ಣು ನೋಡಲು ಬಂದಿದ್ದ ಮುದುಕನ ಕೈ ನೆನಪಾಯಿತು.

ಗಂಡಿನ ಅಪ್ಪ ಆತ, ದನದ ದಲ್ಲಾಳಿ. ಬಂದವನೇ ಕೊಟ್ಟಿಗೆಗೆ ನುಗ್ಗಿ, ವಯಸ್ಸು ತಿಳಿಯಲು ನಮ್ಮ ಎತ್ತಿನ ಬಾಯಿಗೆ ಕೈ ಹಾಕಿ ಹಲ್ಲೆಣಿಸಿ, "ಆರಲ್ಲು" ಎಂದ. ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ. ಅಲ್ಲಿ ಬೆರಳಿಟ್ಟರೂ ಕಚ್ಚಲಾರದು. ಮುಂಗೈಗೆಲ್ಲ ಹಸಿರು ಜೊಲ್ಲು ಮೆತ್ತಿತ್ತು. ಅದನ್ನು ಟವೆಲ್ಲಿಗೆ ಒರೆಸಿ, ತೊಳೆಯದೆ, ಅದೇ ಕೈಯಲ್ಲಿ ಉಪ್ಪಿಟ್ಟು ತಿಂದ. ಬೆರಳನ್ನೂ ನೆಕ್ಕಿದ. ಥೂ! ಉಪ್ಪಿಟ್ಟು ನನಗೆ ಇವತ್ತಿಗೂ ಸೇರುವುದಿಲ್ಲ.

ಆಮೇಲೆ ಕಾಫಿ ತಂದ ಅತ್ತೆಯ ಗಲ್ಲ ಹಿಡಿದ.

"ಎಲ್ಲಿ, ಬಾಯಿ ಬುಡವ್ವ, ಅಲ್ಲು ನೋಡಾನ" ಎನ್ನುತ್ತಾ ಅದೇ ಕೈಯ ಹೆಬ್ಬೆರಳನ್ನು ತುಟಿಯೊಳಗೆ ತೂರಿಸಿದ. ಅತ್ತೆಯ ಅಪ್ಪ, ನಮ್ಮ ತಾತ, ಕತ್ತು ಚಾಚಿ ನೋಡುತ್ತಾ ಕೂತ. ಎತ್ತು ಕೊಳ್ಳುವಾಗ ಅವನೂ ಹಾಗೇ ನೋಡುವವನು.

ಅತ್ತೆ ಕಚ್ಚಿಯೇಬಿಟ್ಟಳು.

"ಅಯ್ಯಯ್ಯೋ, ಬುಡ್ಸ್ರೋ!" ಎಂದು ಮುದುಕ ಕುಣಿದಾಡಿದ. ಸಂಬಂಧ ಅಲ್ಲಿಗೇ ಮುರಿಯಿತು. ಅತ್ತೆ ಮಾತ್ರ ಹಿತ್ತಲಿಗೆ ಓಡಿ, ಬೂದಿ ಹಾಕಿ ಬಾಯಿ ಉಜ್ಜಿದ್ದೇ ಉಜ್ಜಿದ್ದು.

ಇವತ್ತು ತೊಳೆದ ಸೆಟ್ಟು ಕೊಡಲು ಹೋದರೆ, ಬೊಚ್ಚುಬಾಯಿಯ ಅತ್ತೆ ಕೈ ಚಾಚಿದಳು.

"ಮೇಲಿನ್ ಸಾಲು ಮೊದ್ಲು ಕೊಡವ್ವ."