ಹೆದರಿ ಹೋಗು, ಅಮ್ಮ

ಕಳೆದ ವರ್ಷ ಮಗಳ ದೀಪಾವಳಿ ರಜೆ ಮುಗಿಯುತ್ತ ಬಂದಿದ್ದಾಗ ನಡೆದದ್ದು. ನನ್ನ ಯಜಮಾನರು ತೀರಿಕೊಂಡು ಆಗ ಮೂರು ತಿಂಗಳಾಗಿತ್ತು. ಮುಂಬಯಿ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಅವರು ಮ್ಯಾನೇಜರ್. ಬಾಗಿಲ ಪಕ್ಕದ ಗಲ್ಲಾದಲ್ಲಿ ಕೂತು ಬಂದವರನ್ನೆಲ್ಲ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಹೋಟೆಲಿನ ಧಣಿಗಳು ಫೋನ್ ಮಾಡಿ, "ಇಷ್ಟು ದಿನ ನಾನೇ ಹೇಗೋ ಸುಧಾರಿಸಿದೆ ಅಮ್ಮ. ಅವರ ಜಾಗಕ್ಕೆ ನೀವು ಬರುದಾದ್ರೆ ಸೋಮವಾರ ಬನ್ನಿ. ಇಲ್ಲದಿದ್ರೆ ಬೇರೆಯವರನ್ನು ಕೂರಿಸ್ಬೇಕಾಗ್ತದೆ" ಎಂದಿದ್ದರು.

ಆ ಕೆಲಸ ತಪ್ಪಿದರೆ ಕಾಂದಿವಲಿಯ ಮನೆ ಬಿಟ್ಟು ಕಾರ್ಕಳದ ಅಣ್ಣನ ಮನೆ ಸೇರುವುದೊಂದೇ ದಾರಿ. ಮಗಳ ಶಾಲೆ, ಗೆಳತಿಯರು ಎಲ್ಲ ಇಲ್ಲೇ. ಇಷ್ಟು ಗೊತ್ತಿದ್ದೂ ನನಗೆ ಧೈರ್ಯ ಸಾಲಲಿಲ್ಲ. ಲೋಕಲ್ ರೈಲಿನ ನೂಕುನುಗ್ಗಲಿಗೆ ನಾನು ಹೆದರುವವಳಲ್ಲ. ಅವರಿಲ್ಲದ ಆ ಕುರ್ಚಿಯನ್ನು ನೋಡಬೇಕಲ್ಲ, ಅದಕ್ಕೆ ಹೆದರಿಕೆ. ಒಮ್ಮೆ ಹೋಗಿ ನೋಡಿಯಾದರೂ ಬರೋಣವೆಂದು ಶುಕ್ರವಾರ ಸ್ಟೇಷನ್ನಿನವರೆಗೆ ಹೋದೆ. ಚರ್ಚ್‌ಗೇಟ್ ಗಾಡಿ ಬಂದು ನಿಂತದ್ದೇ ತಡ, ಕಾಲಿಗೆ ಬುದ್ಧಿ ಹೇಳಿದೆ. ಮಗಳು ಶ್ರೇಯಾ, "ಇಷ್ಟು ಜಲ್ದಿ?" ಎಂದಳು. "ಲೋಕಲ್ ಬಂದ್ ಉಂಟು" ಎಂದೆ. ಅದೇ ಹೊತ್ತಿಗೆ ಕಿಟಕಿಯಾಚೆ ಒಂದು ಲೋಕಲ್ ಕೂಗಿಕೊಂಡು ಹೋಯಿತು. ಅವಳು ಕಿಟಕಿಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು.

ಮರುದಿನ ಅವಳು ಟಿವಿಯಲ್ಲಿ ಒಂದು ಕಾರ್ಟೂನ್ ಸಿನಿಮಾ ಹಾಕಿಕೊಂಡಳು. ನನಗೆ ಕಾರ್ಟೂನ್ ಎಂದರೆ ತಲೆನೋವು. ಆದರೂ ಬಟಾಟೆ ಸಿಪ್ಪೆ ತೆಗೆಯುತ್ತ ಪಕ್ಕದಲ್ಲೇ ಕೂತೆ. ಒಂದು ಆಮೆಮರಿ, ಸಮುದ್ರ ಕಂಡರೆ ಸಾಕು, ಮರಳಲ್ಲಿ ಮುಖ ಹುದುಗಿಸುತ್ತದೆ. ಒಡಹುಟ್ಟಿದವೆಲ್ಲ ನೀರಿಗಿಳಿದಾಯಿತು. ಇನ್ನು ಯಾವುದೋ ಮಂತ್ರಶಕ್ತಿ ಸಿಕ್ಕಿ ಇದರ ಹೆದರಿಕೆ ಮಾಯವಾಗುತ್ತದೆ ಅಂದುಕೊಂಡೆ. ಹಾಗೇನೂ ಆಗಲಿಲ್ಲ. ಗಡಗಡ ನಡುಗುತ್ತಲೇ ಅದು ಅಲೆಯೊಳಗೆ ಕಾಲಿಟ್ಟಿತು.

"ಅಮ್ಮ, ನೀನು ಯಾಕೆ ಅಳ್ತಾ ಇದ್ದೀ?"

"ಈರುಳ್ಳಿ ಮಗಾ."

"ಆದ್ರೆ ಅದು ಬಟಾಟಾ ಹೈ ನಾ!"

ಸೋಮವಾರ ಬೆಳಿಗ್ಗೆ ಅವಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೊರಟೆ. ಚಪ್ಪಲಿ ಮೆಟ್ಟಿದರೂ ಹೆಜ್ಜೆ ಮುಂದಕ್ಕೆ ಬರಲೊಲ್ಲದು. ಶ್ರೇಯಾ ಬಾಗಿಲಿಗೆ ಓಡಿಬಂದು ನನ್ನ ಕೈ ಹಿಡಿದು, "ಅಮ್ಮ, ಹೆದರಿ ಹೋಗು" ಎಂದಳು.

ಅವಳು ಹೇಳಬೇಕೆಂದಿದ್ದದ್ದು "ಹೆದರದೆ ಹೋಗು" ಎಂದು. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಅವಳ ನಾಲಿಗೆಗೆ ಆ 'ದೆ' ಒಗ್ಗುವುದೇ ಇಲ್ಲ. "ಹಾಲು ಕುಡಿದು ಮಲಗ್ತೇನೆ" ಎಂದು ಹೇಳಿ ಹಾಲು ಮುಟ್ಟದೆ ಮಲಗುವವಳು! "ಕುಡಿದು ಅಲ್ಲ ಪುಟ್ಟಾ, ಕುಡಿಯದೆ" ಎಂದು ಅವಳ ಪಪ್ಪ ತಿದ್ದುತ್ತಿದ್ದರು. ಬೇರೆಲ್ಲದರಲ್ಲಿ ಹಸುವಿನಂಥ ಮನುಷ್ಯ, ಕನ್ನಡದ ವಿಷಯಕ್ಕೆ ಬಂದರೆ ಮೇಷ್ಟ್ರೇ.

ನಾನೂ ತಿದ್ದಲು ಬಾಯಿ ತೆರೆದೆ. ಆ ನಡುಗುವ ಆಮೆಮರಿ ನೆನಪಾಯಿತು. ಹೆದರದೆ ಹೋಗುವುದು ನನ್ನಿಂದಾಗದ ಮಾತು. ಹೆದರಿಕೊಂಡು ಹೋಗಬಹುದಲ್ಲ? "ಆಯ್ತು ಮಗಾ, ಹೆದರಿಯೇ ಹೋಗಿ ಬರ್ತೇನೆ" ಎಂದು ಹೊರಟೆ.

ಹೋಟೆಲಿನಲ್ಲಿ ಧಣಿಗಳು ಎದ್ದು ನಿಂತು, "ಬಂದ್ರಾ ಅಮ್ಮ? ಕೂತ್ಕೊಳ್ಳಿ" ಎಂದು ಕುರ್ಚಿ ಬಿಟ್ಟುಕೊಟ್ಟರು. ಕೂತೆ. ಗಲ್ಲಾದ ಚಿಲ್ಲರೆ ಎಣಿಸಿದೆ, ಲೆಕ್ಕ ತಪ್ಪಿತು, ಮತ್ತೆ ಎಣಿಸಿದೆ. ಬಹಳ ದಿನಗಳ ಮೇಲೆ ಬಂದ ಗಿರಾಕಿಯೊಬ್ಬರು ಮೊಬೈಲ್ ನೋಡುತ್ತಲೇ, "ನಮಸ್ಕಾರ ಶೆಟ್ರೇ" ಎಂದರು. ತಲೆಯೆತ್ತಿ ನನ್ನನ್ನು ಕಂಡು ತಬ್ಬಿಬ್ಬಾದರು. ನಾನೇ ಮುಂದಾಗಿ, "ನಮಸ್ಕಾರ, ಬನ್ನಿ, ಒಳಗೆ ಜಾಗ ಉಂಟು" ಎಂದೆ.

ಈಗಲೂ ಅಲ್ಲೇ ಕೆಲಸ ಮಾಡುತ್ತಿದ್ದೇನೆ. ಹೆದರಿಕೆ ಪೂರ್ತಿ ಹೋಯಿತೆಂದರೆ ಸುಳ್ಳಾದೀತು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಹೋಟೆಲು ಖಾಲಿಯಾದಾಗ ಅವರ ನೆನಪು ತುಂಬ ಕಾಡುತ್ತದೆ. ಮಗಳ ಆ ಮಾತನ್ನು ಅವರಿಗೆ ಹೇಳಬೇಕಿತ್ತು ಎನಿಸುತ್ತದೆ. ಅವರು ಖಂಡಿತ ತಿದ್ದುತ್ತಿದ್ದರು. ನಾನು ಬಿಟ್ಟುಕೊಡುತ್ತಿರಲಿಲ್ಲ. ಆ ಒಂದು ಅಕ್ಷರಕ್ಕಾಗಿ ಅವರೊಡನೆ ಮನಸಾರೆ ಜಗಳವಾಡಬೇಕೆಂದು ಎಷ್ಟು ಆಸೆಯಾಗುತ್ತದೆ!