ಲುಂಗಿ ಹೊದ್ದ ಕಂಪ್ಯೂಟರು

ಗೆಳೆಯರೇ, ಇವತ್ತು ನಮ್ಮ ಕಾರ್ಡು ಅಚ್ಚಿನ ಅಂಗಡಿಯ ಹಳೇ ಕಂಪ್ಯೂಟರಿನ ಮುಂದೆ ಗಂಡ ಹೆಂಡಿರ ಜಗಳ. ಕಾರ್ಡು ಮಾಡುವ ಸಾಫ್ಟ್‌ವೇರು ಹೊಸ ಆಪರೇಟಿಂಗ್ ಸಿಸ್ಟಂ ಇಲ್ಲದೆ ತೆರೆಯುವುದಿಲ್ಲ ಎಂದಿತು. ಅಪ್‌ಗ್ರೇಡಿಗೆ ಕೂತರೆ ಪ್ರತಿ ಸಲ ಅರ್ಧದಲ್ಲೇ ಟಪ್ಪನೆ ಆಫ್. ಸಂಜೆಗೆ ಆಂಧ್ರದ ಉರುಕುಂದದವರ ಮದುವೆ ಕಾರ್ಡು ಬೇರೆ ಕೊಡಬೇಕು, ಒಂದು ಮಗ್ಗುಲು ಕನ್ನಡ, ಒಂದು ಮಗ್ಗುಲು ತೆಲುಗು.

"ಇದರ ಕಾಲ ಮುಗೀತು, ಗುಜರಿಗೆ ಹಾಕಾಣ" ಎಂದೆ.

"ನಿಮಗೂ ಐವತ್ತಾತು. ನಿಮ್ಮನ್ನ ಗುಜರಿಗೆ ಹಾಕೀನೇನ್ರೀ?" ಎಂದಳು ಹೆಂಡತಿ.

ಸಿಟ್ಟಿನಲ್ಲಿ ಕಂಪ್ಯೂಟರಿನ ಡಬ್ಬಿಯ ಮೇಲೆ ಕೈಯಿಟ್ಟೆ. ಕಾದ ಹೆಂಚು! ಪಕ್ಕದ ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನಿಂದ ಹಾರುವ ಹತ್ತಿ ಒಳಗೆ ಹೋಗದಿರಲೆಂದು ನನ್ನ ಹಳೇ ಲುಂಗಿಯಲ್ಲಿ ಅವಳು ಹೊಲಿದ ಗವಸು ಅದರ ಮೈಮೇಲೇ ಇತ್ತು. ನಮ್ಮ ಓಣಿಯಲ್ಲಿ ಟಿವಿ, ಮಿಕ್ಸಿ ಎಲ್ಲಕ್ಕೂ ಹೀಗೇ ಗವಸು.

"ಪಾಪಂ, ಉಸುರು ಕಟ್ಟೈತ್ರೀ ಅದಕ್ಕ!" ಎಂದು ಅವಳೇ ಗವಸು ಕಿತ್ತಳು. ಫ್ಯಾನಿಗೆ ಅಂಟಿದ ಹತ್ತಿ ತೆಗೆದು ಮತ್ತೆ ಚಾಲೂ ಮಾಡಿದೆವು. ಅಪ್‌ಗ್ರೇಡ್ ಕೊನೆತನಕ ಹೋಯಿತು. ಕಾರ್ಡೂ ತೆರೆಯಿತು, ಒಂದು ಅಕ್ಷರವೂ ಕೆಟ್ಟಿರಲಿಲ್ಲ.

ಸಂಜೆ ಮದುಮಗಳ ಅಪ್ಪ ಅಚ್ಚಾದ ಕಾರ್ಡು ಹಿಡಿದು ನಗುತ್ತ ಹೋದರು. ಕಂಪ್ಯೂಟರು ಬಚಾವಾಯಿತು, ನಾನೂ ಬಚಾವಾದೆ. ಗುಜರಿಗೆ ಹೋಗಿದ್ದು ಲುಂಗಿ ಒಂದೇ.