ಮೇಲಕ್ಕೆ ಸೋರಿದ ಬಣ್ಣ

ಹುಣಸೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರುಗಳಿಗೆ ಅಮೆರಿಕದ ಆಧುನಿಕ ಚಿತ್ರಕಾರನೊಬ್ಬನ ಬದುಕಿನ ಬಗ್ಗೆ ಒಂದು ಗಂಟೆ ಮಾತಾಡಿದೆ. ಅವನ ಕೊನೆಯ ಚಿತ್ರವನ್ನು ಪರದೆಯ ಮೇಲೆ ತೋರಿಸಿ, ಅವನ ಒಂಟಿತನವೆಲ್ಲ ಇದರಲ್ಲಿದೆ ಎನ್ನುತ್ತಾ ದನಿಯನ್ನೂ ನಡುಗಿಸಿದೆ.

ಸಭೆಗೆ ಬಟ್ಟೆ ಬ್ಯಾನರ್ ಬರೆದುಕೊಟ್ಟಿದ್ದ ಪೇಂಟರ್ ರಹಮತ್ ಸಾಹೇಬರು ಹಿಂದಿನ ಸಾಲಿನಿಂದ ಎದ್ದರು. "ಸಾರ್, ಬಣ್ಣ ಮೇಲಕ್ಕೆ ಸೋರೈತಲ್ಲ, ಅದೆಂಗೆ?"

"ಮಾಡರ್ನ್ ಆರ್ಟ್ ನೋಡೋಕೆ ಅಭ್ಯಾಸ ಬೇಕು ಕಣ್ರೀ" ಎಂದೆ. ಎಲ್ಲರೂ ನಕ್ಕರು. ಅವರು ತಲೆಯಾಡಿಸಿ ಕೂತರು.

ವಾಪಸ್ ಬರುವಾಗ ಬಸ್ಸಿನಲ್ಲಿ ಆ ಚಿತ್ರವಿದ್ದ ಪುಸ್ತಕ ತೆರೆದೆ. ಚಿತ್ರವನ್ನು ನಾನೇ ತಲೆಕೆಳಗಾಗಿ ತೋರಿಸಿದ್ದೆ.

ಮುಂದಿನ ವರ್ಷ ಮತ್ತೆ ಕರೆದರು. ಬಾಗಿಲಲ್ಲಿ ಸಾಹೇಬರು ಬ್ಯಾನರ್ ಕಟ್ಟುತ್ತಿದ್ದರು. ಕ್ಷಮೆ ಕೇಳಬೇಕಿತ್ತು, ನಮಸ್ಕಾರವಷ್ಟೇ ಹೇಳಿದೆ. ಕದ್ದು ಬ್ಯಾನರ್ ನೋಡಿದೆ. ನನ್ನ ಹೆಸರನ್ನು ನೆಟ್ಟಗೇ ಬರೆದಿದ್ದರು.